ಗಣಕದ ನೆನಪೂ ಅದರ ಕಸವೂ

“ಸರ್ವರ್ ಬಿದ್ದಿದೆ” ಎಂಬ ಮಾತನ್ನು ನಮ್ಮ ಕಡೆಯಲ್ಲಿ ಈಗ ಕೇಳದವರಿಲ್ಲ. ಗಂಗಾವತಿಯಲ್ಲಿ ಹಣ ತೆಗೆಯಲು ಹೋದಾಗ ಕೇಳುತ್ತೇವೆ. ಕುಷ್ಟಗಿಯಲ್ಲಿ ಅರ್ಜಿ ಕೊಡಲು ನಿಂತಾಗ ಕೇಳುತ್ತೇವೆ. ಯಲಬುರ್ಗಾದಲ್ಲಿ ಪಡಿತರದ ಚೀಲ ಹಿಡಿದು ಸಾಲಿನಲ್ಲಿ ಕಾಯುವಾಗ ಕೇಳುತ್ತೇವೆ. ಕೇಳಿದವರು ಹೆಚ್ಚಾಗಿ ಮರುಮಾತಾಡುವುದಿಲ್ಲ. ಮುಂಗಾರು ಕೈಕೊಟ್ಟಿತೆಂಬ ಸುದ್ದಿಯನ್ನು ಹೇಗೆ ತಲೆಬಾಗಿ ಒಪ್ಪಿಕೊಳ್ಳುತ್ತೇವೆಯೋ ಹಾಗೆಯೇ ಇದನ್ನೂ ಒಪ್ಪಿಕೊಂಡು, ನಾಳೆ ಬಂದರಾಯಿತೆಂದು ಬಸ್ ನಿಲ್ದಾಣದ ಕಡೆಗೆ ತಿರುಗುತ್ತೇವೆ. ಆದರೆ ಮುಂಗಾರಿಗೆ ಮನುಷ್ಯನು ಹೊಣೆಯಲ್ಲ, ಸರ್ವರಿಗೆ ಹೊಣೆ. ಆ ಹೊಣೆಗಾರರ ಪೈಕಿ ನಾನೂ ಒಬ್ಬನಾದ್ದರಿಂದ ಈ ಹೊತ್ತು ನಿಮ್ಮೊಡನೆ ಆ ವಿಷಯವಾಗಿ ನಾಲ್ಕು ಮಾತನ್ನಾಡಬೇಕೆಂದಿದ್ದೇನೆ.

ನನ್ನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ನಾನು ಗಣಕಯಂತ್ರದ ತಂತ್ರಾಂಶಗಳನ್ನು ಬರೆಯುವವನಲ್ಲ. ಬೇರೆಯವರು ಬರೆದುದನ್ನು ಪರೀಕ್ಷಿಸುವವನು. ಹೊಸದಾಗಿ ಕಟ್ಟಿದ ಸೇತುವೆಯ ಮೇಲೆ ಮರಳು ತುಂಬಿದ ಲಾರಿಗಳನ್ನು ಸಾಲಾಗಿ ನಿಲ್ಲಿಸಿ ಅದು ತಡೆದೀತೇ ಎಂದು ನೋಡುವುದುಂಟಷ್ಟೆ; ನನ್ನ ಕೆಲಸವೂ ಅಂಥದೇ. ಸಾವಿರಾರು ಜನ ಒಮ್ಮೆಗೇ ಬಂದು ಕೆಲಸ ಕೇಳಿದರೆ ತಂತ್ರಾಂಶವು ತಾಳುವುದೇ ಇಲ್ಲವೇ ಎಂಬುದನ್ನು, ನಿಜವಾದ ಜನ ಬರುವುದಕ್ಕೆ ಮುಂಚೆ, ಕಲ್ಪಿತ ಜನರನ್ನು ಕಳಿಸಿ ನೋಡಬೇಕು. ಇದಕ್ಕೆ ಲೋಡ್ ಟೆಸ್ಟಿಂಗ್ ಎಂದು ಹೆಸರು. ಹೊರೆ ಪರೀಕ್ಷೆ ಎಂದರೆ ನಮಗೆ ಇನ್ನೂ ಸುಲಭವಾಗಿ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ರೈತರಿಂದ ಅರ್ಜಿ ಸ್ವೀಕರಿಸುವ ಒಂದು ತಂತ್ರಾಂಶವನ್ನು ನಾನು ಪರೀಕ್ಷೆ ಮಾಡಿದೆ. ಅದು ಯಾರದು, ಯಾವ ಕೆಲಸದ್ದು ಎಂಬುದು ಇಲ್ಲಿ ಬೇಡ. ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಕುಳಿತು ಎರಡು ಗಂಟೆಗಳ ಕಾಲ ಸಾವಿರ ಕಲ್ಪಿತ ರೈತರನ್ನು ಅದರ ಮೇಲೆ ಬಿಟ್ಟೆ. ಎಲ್ಲ ಅರ್ಜಿಗಳೂ ಸರಾಗವಾಗಿ ಹೋದವು. ತೃಪ್ತಿಕರವೆಂದು ಬರೆದು ಸಹಿ ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಊರಿನಿಂದ ನಮ್ಮ ಕಾಕಾ ದೂರವಾಣಿಯಲ್ಲಿ ಮಾತಾಡಿದರು. ಅವರದು ಕುಷ್ಟಗಿ ತಾಲ್ಲೂಕಿನ ಎರೆಹೊಲ, ಮಳೆಯನ್ನೇ ನಂಬಿದ ಬೇಸಾಯ.

“ಮೂರು ದಿನಾ ಆತಪಾ ತಮ್ಮಾ, ಬರೇ ಬಸ್ಸಿಗೆ ರೊಕ್ಕಾ ಇಡಾಕಹತ್ತೀನಿ. ಮುಂಜಾನಿ ಬಂದ್ರ ಮಿಷನ್ನು ಚಲೋ ಇರತೈತಿ. ಮಧ್ಯಾಹ್ನಕ್ಕ ಏದುಸಿರು ಬಿಡಾಕ ಹತ್ತತೈತಿ. ಆಮ್ಯಾಲೆ ಬೀಳತೈತಿ. ಆರಿಸಿ ಹಚ್ಚಿದ್ರ ಮತ್ತ ಚಲೋ. ಅದಕ್ಕೇನು ದಮ್ಮು ಹತ್ತೇತೇನು?”

“ನಾ ನೋಡ್ತೀನಿ ಕಾಕಾ, ನಾಳೆ ಮತ್ತೊಮ್ಮಿ ಹೋಗಿ ಬರ್ರಿ” ಎಂದೆ.

“ನಾಳೆ ಆಖ್ರಿ ದಿನಾ ಐತಿ. ನಾಕು ಸಲ ಹೆಸರು ಬರಸೀನಿ, ನಾಕೂ ಸಲ ಅರ್ಧಕ್ಕ ಕರೆಂಟು ಹೋತು” ಎಂದು ಹೇಳಿ ಮಾತು ಮುಗಿಸಿದರು.

ಅದು ನಾನು ಸಹಿ ಹಾಕಿದ ತಂತ್ರಾಂಶವೆಂದು ಅವರಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಮರುದಿನವೂ ಹೋದರು, ಅರ್ಜಿ ಸೇರಲಿಲ್ಲ, ಗಡುವು ಮುಗಿಯಿತು.

ಇದರಲ್ಲಿ ಎಷ್ಟು ದೊಡ್ಡ ಮಾತು ಅಡಗಿದೆಯೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ೨೦೦೦ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂತು. ೧೭೭ ತಾಲ್ಲೂಕುಗಳ, ಸುಮಾರು ೬೭ ಲಕ್ಷ ರೈತರ, ಸುಮಾರು ೨ ಕೋಟಿ ಪಹಣಿಗಳು ಶ್ಯಾನುಭೋಗರ ಕಾಲದ ದಪ್ಪ ಪುಸ್ತಕಗಳಿಂದ ಗಣಕಕ್ಕೆ ಏರಿದವು. ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಪಹಣಿಗಾಗಿ ಒಬ್ಬರ ಮನೆ ಬಾಗಿಲು ಕಾಯುವ ಕಾಲ ಹೋಯಿತು. ಅಲ್ಲಿಂದೀಚೆಗೆ ಒಂದೊಂದಾಗಿ ಎಲ್ಲ ಕೆಲಸಗಳೂ ಗಣಕದ ಕೈಗೆ ಬಂದಿವೆ. ಹಿಂದೆ ಕಛೇರಿಯ ಗುಮಾಸ್ತನಿಗೆ ಜ್ವರ ಬಂದರೆ ಪಕ್ಕದವನು ಬರೆದುಕೊಡುತ್ತಿದ್ದ. ಈಗ ಯಂತ್ರಕ್ಕೆ ಜ್ವರ ಬಂದರೆ ಬರೆದುಕೊಡುವವರಿಲ್ಲ. ಆದುದರಿಂದ ಯಂತ್ರದ ಜ್ವರವನ್ನು ಪತ್ತೆ ಮಾಡುವ ವಿದ್ಯೆಯು ಈಗ ಕೇವಲ ಕಸುಬುದಾರರ ವಿಷಯವಾಗಿ ಉಳಿದಿಲ್ಲ.

ನಮ್ಮ ಕಾಕಾ ಹೇಳಿದ ಲಕ್ಷಣಗಳು, ಎಂದರೆ ಮುಂಜಾನೆ ಲವಲವಿಕೆ, ಮಧ್ಯಾಹ್ನ ಏದುಸಿರು, ಆಮೇಲೆ ಬೀಳುವುದು, ಆರಿಸಿ ಹಚ್ಚಿದರೆ ಮತ್ತೆ ಗುಣವಾಗುವುದು, ಇವು ಹೆಚ್ಚಾಗಿ ಗಣಕದ ನೆನಪಿನ ಕಾಯಿಲೆಯ ಲಕ್ಷಣಗಳು. ಆ ನೆನಪು ಎಂಥದು?

ಗಣಕಕ್ಕೆ ಎರಡು ಬಗೆಯ ನೆನಪುಗಳಿವೆ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಇಪ್ಪತ್ತೆರಡು ಶತಮಾನಗಳಿಗೂ ಮಿಗಿಲಾದ ಬಿಸಿಲು ಮಳೆ ಅವನ್ನು ಅಳಿಸಲಿಲ್ಲ. ಗಣಕದ ಒಂದು ನೆನಪು ಈ ಬಂಡೆಗಲ್ಲಿನಂಥದು. ವಿದ್ಯುತ್ತು ಹೋದರೂ ಅದರ ಬರಹ ಉಳಿಯುತ್ತದೆ. ಇನ್ನೊಂದು ನಾವು ಶಾಲೆಯಲ್ಲಿ ಹಿಡಿಯುತ್ತಿದ್ದ ಪಾಟಿಯಂಥದು. ಲೆಕ್ಕ ಮಾಡುವಾಗ ಪಾಟಿ ಬೇಕು. ಲೆಕ್ಕ ಮುಗಿದ ಮೇಲೆ ಅಳಿಸಬೇಕು. ಅಳಿಸದಿದ್ದರೆ ಮುಂದಿನ ಲೆಕ್ಕಕ್ಕೆ ಸ್ಥಳವಿಲ್ಲ. ನಾನು ಹೇಳಹೊರಟಿರುವುದು ಈ ಪಾಟಿಯ ನೆನಪಿನ ವಿಷಯ. ಇದರ ದೊಡ್ಡ ಭಾಗಕ್ಕೆ ಕಸುಬಿನವರು ಹೀಪ್, ಎಂದರೆ ರಾಶಿ, ಎಂದು ಹೆಸರಿಟ್ಟಿದ್ದಾರೆ.

ಮೊದಮೊದಲು ಈ ಪಾಟಿಯನ್ನು ಅಳಿಸುವ ಜವಾಬ್ದಾರಿ ಕಾರ್ಯಕ್ರಮ ಬರೆಯುವವನದೇ ಆಗಿತ್ತು. ಮನುಷ್ಯ ಮರೆಯುತ್ತಾನೆ, ಇಲ್ಲವೇ ಇನ್ನೂ ಬೇಕಾದುದನ್ನೇ ಆತುರದಲ್ಲಿ ಅಳಿಸುತ್ತಾನೆ. ಅಮೆರಿಕದ ಜಾನ್ ಮೆಕಾರ್ಥಿ ಎಂಬ ಗಣಿತಜ್ಞರು ತಾವು ರೂಪಿಸಿದ ಲಿಸ್ಪ್ ಎಂಬ ಗಣಕಭಾಷೆಗಾಗಿ ಇದಕ್ಕೊಂದು ಉಪಾಯ ಹುಡುಕಿ ೧೯೬೦ರಲ್ಲಿ ಪ್ರಕಟಿಸಿದರು. ಅಳಿಸುವ ಕೆಲಸವನ್ನು ಯಂತ್ರವೇ ಆಗಾಗ ಮಾಡಿಕೊಳ್ಳಲಿ ಎಂಬುದೇ ಆ ಉಪಾಯ. ಇದಕ್ಕೆ ಗಾರ್ಬೇಜ್ ಕಲೆಕ್ಷನ್ ಎಂಬ ಹೆಸರು ನಿಂತಿತು. ನಾನು ಕಸಗುಡಿಕೆ ಎನ್ನುತ್ತೇನೆ. ೧೯೯೫ರಲ್ಲಿ ಹೊರಬಂದ ಜಾವಾ ಎಂಬ ಭಾಷೆಯಿಂದಾಗಿ ಈ ಪದ್ಧತಿಯು ಲೋಕದ ವ್ಯವಹಾರದ ತಂತ್ರಾಂಶಗಳಲ್ಲೆಲ್ಲ ಹಬ್ಬಿತು.

ಈ ಕಸಗುಡಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಮದುವೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಇನ್ನೂರು ಎಲೆಗಳ ಚಪ್ಪರ. ಹೊರಗೆ ಸಾವಿರ ಜನ. ಒಬ್ಬರು ಉಂಡು ಎದ್ದರೆ ಅವರ ಎಲೆಯೆತ್ತಿ ಇನ್ನೊಬ್ಬರನ್ನು ಕೂಡಿಸಬೇಕು. ಆದರೆ ಎಲೆಯೆತ್ತುವ ಹುಡುಗನಿಗೆ ಯಾರು ಉಂಡರು, ಯಾರು ಕೈತೊಳೆಯಲು ಹೋಗಿದ್ದಾರೆ, ಯಾರು ಇನ್ನು ಬರುವುದಿಲ್ಲ ಎಂದು ತಿಳಿಯುವ ಬಗೆ ಯಾವುದು? ಮೆಕಾರ್ಥಿಯವರ ನಿಯಮ ಹೀಗಿದೆ: ಮದುವೆ ಮನೆಯ ಯಜಮಾನನಿಂದ ಆರಂಭಿಸಬೇಕು. ಅವನು ಯಾರನ್ನು ಬಲ್ಲನೋ ಅವರ ಎಲೆಗೆ ಗುರುತು ಹಾಕು. ಅವರು ಯಾರನ್ನು ಬಲ್ಲರೋ ಅವರ ಎಲೆಗೂ ಗುರುತು ಹಾಕು. ಹೀಗೆ ಪರಿಚಯದ ಎಳೆ ಹಿಡಿದು ಕೊನೆಯವರೆಗೆ ಹೋಗು. ಗುರುತಿಲ್ಲದೆ ಉಳಿದ ಎಲೆಯನ್ನು ಎತ್ತಿಬಿಡು. ಅದರವರನ್ನು ಕೇಳುವವರು ಯಾರೂ ಇಲ್ಲ. ಗಣಕದಲ್ಲಿಯೂ ಅಷ್ಟೇ. ನಡೆಯುತ್ತಿರುವ ಕೆಲಸದಿಂದ ಯಾವ ಎಳೆ ಹಿಡಿದು ಹೋದರೂ ಮುಟ್ಟಲಾಗದಂಥ ವಸ್ತುವೇ ಕಸ.

ಇದರಲ್ಲೊಂದು ಸೂಕ್ಷ್ಮವಿದೆ; ನನ್ನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಕಸಗುಡಿಸುವವನು ‘ಇದು ಇನ್ನು ಬೇಕೇ?’ ಎಂದು ಕೇಳುವುದಿಲ್ಲ. ‘ಇದನ್ನು ಯಾರಾದರೂ ಹಿಡಿದಿದ್ದಾರೆಯೇ?’ ಎಂದು ಮಾತ್ರ ಕೇಳುತ್ತಾನೆ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತೇ ಇದೆ. ಟವೆಲ್ಲಿದ್ದರೆ ಆಳಿದೆ ಎಂದು ಅರ್ಥ. ಟವೆಲ್ಲು ಹಾಕಿದವನು ಬೇರೆ ಬಸ್ಸು ಹತ್ತಿ ಹೋಗಿದ್ದರೂ ಸೀಟು ಖಾಲಿಯಾಗುವುದಿಲ್ಲ. ಪಂಕ್ತಿಯಲ್ಲಿ ಹಾಗೆ ಟವೆಲ್ಲು ಹಾಕಿ ಹೋದವರು ದಿನಕ್ಕೆ ಹತ್ತು ಮಂದಿಯಾದರೆ ಇಪ್ಪತ್ತು ದಿನಗಳಲ್ಲಿ ಇನ್ನೂರು ಎಲೆಗಳೂ ಟವೆಲ್ಲಿನ ಪಾಲಾಗುತ್ತವೆ. ಇದೇ ನೆನಪಿನ ಸೋರಿಕೆ; ಕಸುಬಿನ ಮಾತಿನಲ್ಲಿ ಮೆಮೊರಿ ಲೀಕ್. ಕಸಗುಡಿಕೆಯಿರುವ ಯಂತ್ರದಲ್ಲಿ ಸೋರಿಕೆಯಾಗಲಾರದೆಂಬುದು ಈ ಕಸುಬಿಗೆ ಹೊಸದಾಗಿ ಬಂದವರ ಸಾಮಾನ್ಯ ಭ್ರಮೆ. ನನಗೂ ಅದು ಬಹುಕಾಲ ಇತ್ತು.

ಇನ್ನೊಂದು ಸಂಗತಿ. ಪಂಕ್ತಿಯಲ್ಲಿ ಬಹುಮಂದಿ ಬೇಗ ಉಂಡು ಬೇಗ ಏಳುತ್ತಾರೆ. ಕೆಲವು ಹಿರಿಯರು ಮಾತ್ರ ಮಾತಾಡುತ್ತ ಕೂಡುತ್ತಾರೆ. ಗಣಕದ ವಸ್ತುಗಳೂ ಹೀಗೆಯೇ, ಬಹಳಷ್ಟು ಅಲ್ಪಾಯುಗಳೆಂಬುದನ್ನು ಕಂಡ ಸಂಶೋಧಕರು ೧೯೮೩-೮೪ರಲ್ಲಿ ಒಂದು ಸುಧಾರಣೆ ಸೂಚಿಸಿದರು. ಹೊಸಬರ ಪಂಕ್ತಿಯನ್ನು ಪದೇ ಪದೇ ಗುಡಿಸುವುದು. ಬಹಳ ಹೊತ್ತು ಕೂತವರನ್ನು ಹಿರಿಯರ ಪಂಕ್ತಿಗೆ ಕಳಿಸಿ ಅದನ್ನು ಅಪರೂಪಕ್ಕೆ ಗುಡಿಸುವುದು. ಹೊಸಬರ ಪಂಕ್ತಿಯ ಗುಡಿಕೆ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಹಿರಿಯರ ಪಂಕ್ತಿಯೂ ತುಂಬಿಹೋದಾಗ ಇಡೀ ಚಪ್ಪರವನ್ನು ಗುಡಿಸಬೇಕು. ಆ ಪೂರ್ಣ ಗುಡಿಕೆ ನಡೆಯುವಾಗ, ಬಹುಪಾಲು ವ್ಯವಸ್ಥೆಗಳಲ್ಲಿ, ಬಡಿಸುವವರೆಲ್ಲ ಸೌಟು ಹಿಡಿದು ನಿಂತಲ್ಲೇ ನಿಲ್ಲಬೇಕು. ಇದನ್ನು ಕಸುಬಿನವರು ‘ಸ್ಟಾಪ್ ದಿ ವರ್ಲ್ಡ್’ ಎನ್ನುತ್ತಾರೆ. ಲೋಕಸ್ತಂಭನವೆಂದು ನಾವು ಕರೆಯಬಹುದು. ಇತ್ತೀಚಿನ ಗುಡಿಕೆಯ ವಿಧಾನಗಳು ಈ ಸ್ತಂಭನವನ್ನು ಬಹಳ ಕಿರಿದು ಮಾಡಿವೆಯಾದರೂ ಚಪ್ಪರ ತುಂಬಿಹೋದ ಯಂತ್ರಕ್ಕೆ ಅದರಿಂದ ಪೂರ್ತಿ ಬಿಡುಗಡೆಯಿಲ್ಲ.

ಈಗ ಕಾಕಾ ಕಂಡ ಏದುಸಿರಿನ ಅರ್ಥ ಬಿಡಿಸಿಕೊಳ್ಳುತ್ತದೆ. ಟವೆಲ್ಲುಗಳು ಹೆಚ್ಚಿದಂತೆ ಉಳಿದ ಸ್ಥಳ ಕಿರಿದಾಗುತ್ತದೆ. ಸ್ಥಳ ಕಿರಿದಾದಂತೆ ಪೂರ್ಣ ಗುಡಿಕೆ ಪದೇ ಪದೇ ನಡೆಯುತ್ತದೆ. ಪ್ರತಿ ಸಲವೂ ಗುಡಿಸಿದ್ದು ಹೆಚ್ಚು, ಸಿಕ್ಕಿದ ಜಾಗ ಕಡಿಮೆ. ಕೊನೆಕೊನೆಗೆ ಯಂತ್ರವು ಹೊರಗಿನಿಂದ ನೋಡುವವರಿಗೆ ಬೆವರು ಸುರಿಸಿ ದುಡಿಯುತ್ತಿರುವಂತೆ ತೋರುತ್ತದೆ. ಒಳಗೆ ಅದರ ದುಡಿಮೆಯೆಲ್ಲ ಕಸಬರಿಗೆಗೇ ಹೋಗುತ್ತಿರುತ್ತದೆ. ಬಡಿಸುವವರಿಗೆ ಪುರುಸೊತ್ತೇ ಇಲ್ಲ. ಇನ್ನು ಒಂದೇ ಒಂದು ಎಲೆಗೂ ಜಾಗವಿಲ್ಲವೆಂದಾದಾಗ ಬೀಳುತ್ತದೆ. ಆರಿಸಿ ಹಚ್ಚಿದರೆ ಪಾಟಿ ಪೂರ್ತಿ ಅಳಿಸಿಹೋಗಿ ಮತ್ತೆ ಲವಲವಿಕೆ ಬರುತ್ತದೆ. ಟವೆಲ್ಲು ಹಾಕುವವರು ಮಾತ್ರ ಮೊದಲಿನಂತೆಯೇ ಬರುತ್ತಿರುತ್ತಾರೆ.

ಇದನ್ನೆಲ್ಲ ನಾನು ಆಗಲೇ ಬಲ್ಲವನಾಗಿದ್ದೆ ಎಂದುಕೊಳ್ಳಬೇಡಿ. ದೂರು ಬಂದಾಗ ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ನಾಲ್ಕು ಜಿ.ಬಿ. ಇದ್ದ ನೆನಪನ್ನು ಎಂಟಕ್ಕೆ ಏರಿಸಿದೆವು. ಮೂರು ದಿನಕ್ಕೆ ಬೀಳುತ್ತಿದ್ದ ಯಂತ್ರ ವಾರದ ಮೇಲೆ ಬಿತ್ತು. ಚಪ್ಪರ ದೊಡ್ಡದಾದ್ದರಿಂದ ಪೂರ್ಣ ಗುಡಿಕೆಯ ಸ್ತಂಭನವೂ ದೀರ್ಘವಾಗಿ, ಬೀಳುವ ಮುಂಚಿನ ನರಳಾಟ ಇನ್ನೂ ಹೆಚ್ಚಿತು. ರಾತ್ರಿ ಹೊತ್ತು ದಿನಾ ಒಮ್ಮೆ ಆರಿಸಿ ಹಚ್ಚಿದರಾಯಿತೆಂದು ಒಬ್ಬರು ಸಲಹೆ ಕೊಟ್ಟರು. ಜ್ವರಕ್ಕೆ ತಣ್ಣೀರು ಪಟ್ಟಿಯಂತೆ ಅದು ತಾತ್ಕಾಲಿಕವಾಗಿ ಒಳ್ಳೆಯದೇ. ಆದರೆ ಪಟ್ಟಿ ಹಾಕಿದ ಮೇಲೆ ಜ್ವರದ ಕಾರಣವನ್ನು ಯಾರೂ ಹುಡುಕುವುದಿಲ್ಲವೆಂಬುದೇ ಅದರ ದೋಷ.

ಕಾರಣವನ್ನು ಹುಡುಕುವ ದಾರಿಯನ್ನು ನನಗೆ ತೋರಿದ್ದು, ವಿಚಿತ್ರವೆನಿಸಬಹುದು, ನಮ್ಮ ತುಂಗಭದ್ರಾ ಜಲಾಶಯ. ಗಂಗಾವತಿಯ ಗದ್ದೆಗಳಿಗೆ ಎಡದಂಡೆ ಕಾಲುವೆಯ ನೀರು ಹೊರಡುವುದು ಮುನಿರಾಬಾದಿನ ಈ ಅಣೆಕಟ್ಟಿನಿಂದಲೇ. ೧೯೫೩ರಲ್ಲಿ ಅದರಲ್ಲಿ ಮೊದಲು ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು ೧೩೩ ಟಿ.ಎಂ.ಸಿ. ಈಗಿನ ಲೆಕ್ಕದಲ್ಲಿ ಅದು ೧೦೫.೭೮೮ ಟಿ.ಎಂ.ಸಿ. ಸುಮಾರು ೨೭ ಟಿ.ಎಂ.ಸಿ.ಯ ಜಾಗವನ್ನು ಹೂಳು ಹಿಡಿದುಕೊಂಡಿದೆ. ಆದರೆ ಜಲಾಶಯದ ಪೂರ್ಣಮಟ್ಟ ಅಂದೂ ೧೬೩೩ ಅಡಿ, ಇಂದೂ ೧೬೩೩ ಅಡಿ. ಮಳೆಗಾಲದಲ್ಲಿ ‘ಜಲಾಶಯ ತುಂಬಿತು’ ಎಂಬ ಸುದ್ದಿ ಕೇಳಿ ಸಂತೋಷಪಡುವವನಿಗೆ ಆ ಮಟ್ಟದ ಅಂಕೆಯಿಂದ ಹೂಳಿನ ಸುಳಿವು ಸಿಕ್ಕುವುದಿಲ್ಲ. ಹೂಳನ್ನು ತಿಳಿಯಬೇಕಾದರೆ ನೀರಿನ ಮೇಲ್ಮೈಯನ್ನಲ್ಲ, ತಳವನ್ನು ಅಳೆಯಬೇಕು. ೨೦೨೪ರ ಆಗಸ್ಟ್ ೧೦ರ ರಾತ್ರಿ ಇದೇ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ನಾಡೆಲ್ಲ ಬೆಚ್ಚಿ ನೋಡಿತು, ನೋಡಬೇಕಾದ್ದೇ. ಆದರೆ ಎಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ಕೂಡುತ್ತ ಬಂದ ಹೂಳಿಗಾಗಿ ಯಾರೂ ಒಂದು ರಾತ್ರಿ ಬೆಚ್ಚಿದವರಲ್ಲ.

ಗಣಕದ ನೆನಪನ್ನೂ ತಳದಿಂದಲೇ ಅಳೆಯಬೇಕು. ಯಂತ್ರವು ಪ್ರತಿ ಗುಡಿಕೆಯನ್ನೂ ಒಂದು ದಿನಚರಿಯಲ್ಲಿ ಬರೆದಿಡುತ್ತದೆ: ಯಾವ ಹೊತ್ತಿಗೆ ಗುಡಿಸಿತು, ಮೊದಲು ಎಷ್ಟು ತುಂಬಿತ್ತು, ಗುಡಿಸಿದ ಮೇಲೆ ಎಷ್ಟು ಉಳಿಯಿತು, ಎಷ್ಟು ಹೊತ್ತು ಲೋಕ ಸ್ತಬ್ಧವಾಯಿತು. ಅದನ್ನು ನಕ್ಷೆಯಾಗಿ ಬರೆದರೆ ಗರಗಸದ ಹಲ್ಲುಗಳಂಥ ಚಿತ್ರ ಬರುತ್ತದೆ. ನೆನಪು ಏರುತ್ತದೆ, ಗುಡಿಸಿದೊಡನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಅನುಭವವಿಲ್ಲದವರ ಕಣ್ಣು ಹಲ್ಲಿನ ತುದಿಗೆ ಹೋಗುತ್ತದೆ: “ಅಯ್ಯೋ, ನೂರಕ್ಕೆ ತೊಂಬತ್ತು ತುಂಬಿತು!” ತುದಿಯಲ್ಲಿ ಏನೂ ಇಲ್ಲ; ಅದು ತುಂಬಿದ ಜಲಾಶಯದ ಮಟ್ಟದಂತೆ. ನೋಡಬೇಕಾದದ್ದು ಪೂರ್ಣ ಗುಡಿಕೆಯ ನಂತರದ ತಗ್ಗನ್ನು. ಇಂದಿನ ತಗ್ಗು ನಿನ್ನೆಯ ತಗ್ಗಿಗಿಂತ ಮೇಲಿದ್ದು, ನಾಳಿನದು ಇನ್ನೂ ಮೇಲಾದರೆ, ತಳದಲ್ಲಿ ಹೂಳು ಕೂಡುತ್ತಿದೆಯೆಂದು ಬಲವಾಗಿ ಶಂಕಿಸಬೇಕು.

ಅಲ್ಲಿಗೂ ಆತುರಪಡಬಾರದು. ಒಂದೇ ಏದುಸಿರಿಗೆ ವೈದ್ಯನು ಹಲವು ಕಾರಣಗಳನ್ನು ನೆನೆಯುವಂತೆ ಇಲ್ಲಿಯೂ ಮೂರು ಬೇರೆ ಬೇರೆ ಕಾಯಿಲೆಗಳನ್ನು ಬಿಡಿಸಿ ನೋಡಬೇಕು. ತಗ್ಗುಗಳು ಸಮನಾಗಿದ್ದು, ಆದರೆ ಆ ಸಮರೇಖೆಯೇ ಬಹಳ ಎತ್ತರದಲ್ಲಿದ್ದರೆ, ಸೋರಿಕೆಯಿಲ್ಲ, ಚಪ್ಪರವೇ ಚಿಕ್ಕದು, ಅಂಥಲ್ಲಿ ನೆನಪನ್ನು ಹೆಚ್ಚಿಸುವುದೇ ಸರಿಯಾದ ಚಿಕಿತ್ಸೆ. ತಗ್ಗುಗಳು ಸಮನಾಗಿಯೂ ಕೆಳಗೂ ಇದ್ದು ಗರಗಸದ ಹಲ್ಲುಗಳು ಮಾತ್ರ ಒತ್ತೊತ್ತಾಗಿದ್ದರೆ, ಒಬ್ಬೊಬ್ಬರಿಗೆ ಹತ್ತು ಹತ್ತು ಎಲೆ ಹಾಕುವ ದುಂದುಗಾರಿಕೆ ನಡೆದಿದೆ. ತಂತ್ರಾಂಶವನ್ನು ಮಿತವ್ಯಯಕ್ಕೆ ತರಬೇಕು. ತಗ್ಗುಗಳೇ ಏರುತ್ತಿದ್ದರೆ ಮಾತ್ರ ಸೋರಿಕೆಯ ಸಂಶಯ. ಏಕೆ ಸಂಶಯ ಎನ್ನುತ್ತೇನೆಂದರೆ, ಅಡುಗೆ ಮನೆಯಿಂದ ಅನ್ನ ಬರುವುದೇ ತಡವಾದರೂ ಪಂಕ್ತಿಯಲ್ಲಿ ಕೂತವರು ಏಳದೆ ಎಲೆಗಳು ಖಾಲಿಯಾಗುವುದಿಲ್ಲ. ದತ್ತಾಂಶದ ಉಗ್ರಾಣ ನಿಧಾನವಾಗಿದ್ದರೆ ಕಾಯುವ ಕೆಲಸಗಳು ಬೆಳೆದು ನೆನಪೂ ತುಂಬುತ್ತದೆ. ಅದು ರೋಗವಲ್ಲ, ಬೇರೊಂದು ರೋಗದ ನೆರಳು. ಇವೆರಡನ್ನೂ ಬೇರೆ ಮಾಡಲು ಒಂದು ಸುಲಭದ ಪರೀಕ್ಷೆಯುಂಟು. ಹೊರೆಯನ್ನು ಪೂರ್ತಿ ನಿಲ್ಲಿಸಿಬಿಡಿ; ಬಾಗಿಲು ಹಾಕಿ, ಕೂತವರು ಉಂಡೇಳುವಷ್ಟು ಹೊತ್ತು ಕಾದು, ಒಮ್ಮೆ ಪೂರ್ಣವಾಗಿ ಗುಡಿಸಿ. ತಗ್ಗು ಮೊದಲಿನ ಮಟ್ಟಕ್ಕೆ ಇಳಿದರೆ ಅಡುಗೆ ಮನೆಯನ್ನು ವಿಚಾರಿಸಿ. ಚಪ್ಪರದಲ್ಲಿ ಒಬ್ಬರೂ ಇಲ್ಲದಿದ್ದರೂ ಎಲೆಗಳು ಹಾಗೆಯೇ ಉಳಿದಿದ್ದರೆ ಅವು ಟವೆಲ್ಲಿನವು.

ನಮ್ಮ ಯಂತ್ರದ ದಿನಚರಿಯಲ್ಲಿ ತಗ್ಗುಗಳು ಏರುತ್ತಲೇ ಇದ್ದವು. ರಾತ್ರಿ ಹೊರೆ ನಿಂತ ಮೇಲೂ ಇಳಿಯಲಿಲ್ಲ. ನನ್ನ ಎರಡು ಗಂಟೆಯ ಪರೀಕ್ಷೆಯಲ್ಲಿ ಇದು ಕಾಣದೇ ಹೋದದ್ದು ಏಕೆ? ಎರಡು ಗಂಟೆಗಳಲ್ಲಿ ಪೂರ್ಣ ಗುಡಿಕೆ ಒಂದು ಸಲವೂ ನಡೆದಿರಲಿಲ್ಲ. ತಗ್ಗೇ ಇಲ್ಲದ ಮೇಲೆ ಏರಿತೋ ಇಳಿಯಿತೋ ಎಂಬ ಮಾತೆಲ್ಲಿಯದು? ಆದ್ದರಿಂದ ಎಪ್ಪತ್ತೆರಡು ಗಂಟೆಗಳ ದೀರ್ಘ ಪರೀಕ್ಷೆ ಹೂಡಿದೆ. ಕಡಲೆಯನ್ನು ರಾತ್ರಿಯಿಡೀ ನೆನೆಹಾಕಿದಂತೆ ಯಂತ್ರವನ್ನು ಹೊರೆಯಲ್ಲಿ ನೆನೆಹಾಕುವುದರಿಂದ ಇದಕ್ಕೆ ಸೋಕ್ ಟೆಸ್ಟ್ ಎನ್ನುತ್ತಾರೆ. ಮೂರು ದಿನ ಕಾದೆ. ತಗ್ಗುಗಳು ಗೆರೆ ಎಳೆದಂತೆ ಸಮನಾಗಿ ಬಂದವು! ಬೆಂಗಳೂರಿನಲ್ಲಿ ಯಂತ್ರಕ್ಕೆ ಕಾಯಿಲೆಯೇ ಇಲ್ಲ. ನಮ್ಮ ಕಡೆಗೆ ಹೋದರೆ ಏದುಸಿರು.

ಆಗ ಉಳಿದದ್ದು ಒಂದೇ ದಾರಿ: ರೋಗಿಯ ಒಳಗನ್ನೇ ನೋಡುವುದು. ಓಡುತ್ತಿರುವ ಯಂತ್ರದ ನೆನಪಿನಲ್ಲಿರುವ ಪ್ರತಿಯೊಂದು ವಸ್ತುವನ್ನೂ, ಅದನ್ನು ಹಿಡಿದುಕೊಂಡಿರುವವರ ಹೆಸರಿನ ಸಮೇತ ಬರೆದು ತೆಗೆಯಬಹುದು. ಹೀಪ್ ಡಂಪ್ ಎಂದು ಇದರ ಹೆಸರು; ನೆನಪಿನ ಪಂಚನಾಮೆ ಎನ್ನಬಹುದು. ಒಂದೇ ಪಂಚನಾಮೆಯಿಂದ ಕಳ್ಳ ಸಿಕ್ಕುವುದು ಕಷ್ಟ. ಮುಂಜಾನೆ ಒಂದು, ಸಂಜೆ ಒಂದು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಜಾತಿಯ ವಸ್ತು ಬೆಳೆಯಿತೆಂದು ನೋಡಬೇಕು. ಬೆಳೆದುದರ ಕೈಹಿಡಿದವರು ಯಾರೆಂದು ಎಳೆಯನ್ನು ಹಿಂದಕ್ಕೆ ಹಿಡಿದು ಹೋಗಬೇಕು. ಬೆಳೆದ ಸಂಖ್ಯೆಯು ಹೊರಲೋಕದ ಯಾವ ಘಟನೆಯ ಸಂಖ್ಯೆಗೆ ತಾಳೆಯಾಗುತ್ತದೆಂದು ವಿಚಾರಿಸಬೇಕು. ೧೯೯೨ರಲ್ಲಿ ಲಂಡನ್ ನಗರದ ಆಂಬ್ಯುಲೆನ್ಸ್ ಸೇವೆಯ ಹೊಸ ಗಣಕವ್ಯವಸ್ಥೆಯು ನವೆಂಬರ್ ೪ರಂದು ನಿಂತುಹೋದಾಗ ತನಿಖೆಯಲ್ಲಿ ತಿಳಿದದ್ದು ಇಂಥದೇ ಸಂಗತಿ. ಮೂರು ವಾರಗಳ ಹಿಂದೆ ಕೆಲಸ ಮಾಡುತ್ತಿದ್ದಾಗ ಒಂದು ಸಣ್ಣ ತುಣುಕು ಬರಹ ಅದರಲ್ಲಿ ಉಳಿದುಹೋಗಿತ್ತು. ಒಂದೊಂದು ವಾಹನವನ್ನು ಕಳಿಸಿದಾಗಲೂ ಒಂದಿಷ್ಟು ನೆನಪನ್ನು ಅದು ಹಿಡಿದಿಟ್ಟು ಬಿಡದೆ ಉಳಿಯಿತು. ಮೂರು ವಾರದಲ್ಲಿ ನೆನಪೆಲ್ಲ ಬರಿದಾಯಿತು. ರೋಗಿಗಳ ಕರೆಗೆ ಓಗೊಡಬೇಕಾದ ಯಂತ್ರವನ್ನು ನಿಲ್ಲಿಸಿದ್ದು ಅಷ್ಟು ಸಣ್ಣ ಮರೆವು.

ನಮ್ಮ ಪಂಚನಾಮೆಯಲ್ಲಿ ಬೆಳೆದಿದ್ದವು ಅರ್ಜಿಗಳು. ಅರ್ಜಿ ತುಂಬಲು ಆರಂಭಿಸಿದೊಡನೆ ರೈತನ ಹೆಸರು, ಪಹಣಿಯ ಚಿತ್ರ, ಭಾವಚಿತ್ರ ಎಲ್ಲವನ್ನೂ ತಂತ್ರಾಂಶವು ಒಂದು ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತಿತ್ತು. ಕೊನೆಯ ಗುಂಡಿ ಒತ್ತಿ ಅರ್ಜಿ ಸೇರಿದ ಮೇಲೆ ಪಟ್ಟಿಯಿಂದ ತೆಗೆಯುತ್ತಿತ್ತು. ಪಟ್ಟಿಯಲ್ಲಿ ಉಳಿದವುಗಳಲ್ಲಿ ಒಂದಕ್ಕೂ ಕೊನೆಯ ಗುಂಡಿ ಒತ್ತಿರಲಿಲ್ಲ. ಎಲ್ಲವೂ ಅರ್ಧಕ್ಕೆ ನಿಂತವು. ಆಗ ನಮ್ಮ ಕಾಕಾ ಆಡಿದ, ನಾನು ಕೇಳಿಯೂ ಕೇಳದೆ ಬಿಟ್ಟ ಮಾತು ನೆನಪಾಯಿತು: ನಾಕು ಸಲ ಹೆಸರು ಬರಸೀನಿ, ನಾಕೂ ಸಲ ಅರ್ಧಕ್ಕ ಕರೆಂಟು ಹೋತು.

ಕರೆಂಟು ಹೋದೊಡನೆ ಸಂಪರ್ಕ ಕಡಿಯುತ್ತಿತ್ತು. ಪಟ್ಟಿಯಿಂದ ತೆಗೆಯುವ ಸಾಲು ಕೊನೆಯ ಗುಂಡಿಯ ಆಚೆಗಿತ್ತು. ಅಲ್ಲಿಗೆ ಯಾರೂ ತಲುಪುತ್ತಿರಲಿಲ್ಲ. ಟವೆಲ್ಲು ಹಾಕಿದವನು ಕತ್ತಲಲ್ಲಿ ಎದ್ದುಹೋಗಿದ್ದ, ಟವೆಲ್ಲು ಉಳಿದಿತ್ತು. ಲೆಕ್ಕ ಹಾಕಿ ನೋಡಿ. ಒಂದು ಅರ್ಧ ಅರ್ಜಿಗೆ ನಾನೂರು ಕೆ.ಬಿ. ಎಂದಿಟ್ಟುಕೊಂಡರೆ, ದಿನಕ್ಕೆ ಎರಡೂವರೆ ಸಾವಿರ ಅರ್ಜಿ ಅರ್ಧಕ್ಕೆ ನಿಂತರೂ ಒಂದು ಜಿ.ಬಿ. ಹೋಯಿತು. ಒಂದು ಜಿ.ಬಿ. ತನ್ನ ಸಂಸಾರಕ್ಕೇ ಬೇಕಾಗಿರುವ ನಾಲ್ಕು ಜಿ.ಬಿ.ಯ ಯಂತ್ರಕ್ಕೆ ಮೂರು ದಿನದ ಆಯುಷ್ಯ. ಅರ್ಧಕ್ಕೆ ನಿಂತವನು ಮತ್ತೆ ಬಂದು ಹೊಸದಾಗಿ ಬರೆಸುತ್ತಾನೆ. ಹೀಗಾಗಿ ಯಾರು ಹೆಚ್ಚು ತೊಂದರೆಪಟ್ಟರೋ ಅವರ ಪ್ರಯತ್ನಗಳಿಂದಲೇ ಹೂಳು ಹೆಚ್ಚುತ್ತಿತ್ತು.

ನನ್ನ ಕಲ್ಪಿತ ರೈತರೋ! ಅವರ ಊರಿನಲ್ಲಿ ಒಮ್ಮೆಯೂ ಕರೆಂಟು ಹೋಗಿರಲಿಲ್ಲ. ಜಾಲಸಂಪರ್ಕ ಒಮ್ಮೆಯೂ ಕಡಿದಿರಲಿಲ್ಲ. ಸಾವಿರ ಮಂದಿಯಲ್ಲಿ ಒಬ್ಬನೂ ಆಧಾರ್ ಸಂಖ್ಯೆ ಮರೆತು ಮನೆಗೆ ಓಡಿರಲಿಲ್ಲ, ಒಬ್ಬನೂ ಬಸ್ಸಿನ ಹೊತ್ತಾಯಿತೆಂದು ನಡುವೆ ಎದ್ದುಹೋಗಿರಲಿಲ್ಲ. ಎಲ್ಲರೂ ಆರಂಭಿಸಿದ್ದನ್ನು ಮುಗಿಸುವ ಸಜ್ಜನರು. ಎರಡು ಗಂಟೆ ಬಿಟ್ಟು ಮೂರು ದಿನ, ಮೂರು ದಿನ ಬಿಟ್ಟು ಮೂರು ವರ್ಷ ಓಡಿಸಿದ್ದರೂ ಆ ಸಜ್ಜನರಿಂದ ರೋಗ ಹೊರಬೀಳುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಕೊಪ್ಪಳದ ಸೀಮೆಯಲ್ಲಾದರೂ ಪರೀಕ್ಷೆ ಬರೆಯುವಾಗ ನಾನು ಕಲ್ಪಿಸಿಕೊಂಡದ್ದು ಬೆಂಗಳೂರಿನ ರೈತನನ್ನು. ಕಥೆಗಾರನು ತಾನು ಕಾಣದ ಬದುಕನ್ನು ಬರೆದರೆ ಕಥೆ ಸುಳ್ಳಾಗುತ್ತದೆಂದು ನೀವು, ಸಾಹಿತ್ಯ ಬಲ್ಲವರು, ಹೇಳುತ್ತೀರಿ. ನಾನು ಕಂಡ ಬದುಕನ್ನೇ ಮರೆತು ಬರೆದಿದ್ದೆ.

ಸರಿಪಡಿಸಿದ್ದು ಬಹಳ ಸುಲಭ. ಅರ್ಧ ಅರ್ಜಿಯನ್ನು ಪಾಟಿಯಲ್ಲಿಡದೆ ಬಂಡೆಗಲ್ಲಿನ ನೆನಪಿಗೆ ಒಪ್ಪಿಸುವಂತೆಯೂ, ಹದಿನೈದು ನಿಮಿಷ ಸದ್ದಿಲ್ಲದಿದ್ದರೆ ಪಾಟಿಯ ಪಟ್ಟಿಯಿಂದ ತೆಗೆಯುವಂತೆಯೂ ಬರೆಯುವವರು ತಿದ್ದಿದರು. ಇದರಿಂದ ರೈತನಿಗೂ ಉಪಕಾರವಾಯಿತು. ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು. ನಾನು ಹೊಸ ಪರೀಕ್ಷೆ ಬರೆದೆ. ಐವರಲ್ಲೊಬ್ಬನ ಸಂಪರ್ಕವನ್ನು ನಡುವೆ ಕಡಿದೆ. ಮೊದಲು ಹಳೆಯ ತಂತ್ರಾಂಶದ ಮೇಲೆಯೇ ಅದನ್ನು ನಡೆಸಿ, ಅದು ನಿಜವಾಗಿ ಬೀಳುವುದನ್ನು ಕಣ್ಣಾರೆ ನೋಡಿದೆ. ರೋಗವನ್ನು ಬರಿಸಿ ತೋರಿಸಲಾರದ ಪರೀಕ್ಷೆಯು ಗುಣವಾಯಿತೆಂದು ಹೇಳಲಾರದು. ಆಮೇಲೆ ತಿದ್ದಿದ್ದರ ಮೇಲೆ ಎಪ್ಪತ್ತೆರಡು ಗಂಟೆ ನಡೆಸಿದೆ. ತಗ್ಗುಗಳು ಸಮನಾಗಿ ಬಂದವು.

ಇಂಥ ಮರೆವು ನಮ್ಮಂಥ ಸಣ್ಣವರಿಗೇ ಮೀಸಲಲ್ಲ. ೨೦೦೪ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ಇಳಿದ ‘ಸ್ಪಿರಿಟ್’ ಎಂಬ ಬಂಡಿಯು ಮೂರು ವಾರ ಕಳೆಯುವುದರೊಳಗೆ ಮಾತು ನಿಲ್ಲಿಸಿ, ಮತ್ತೆ ಮತ್ತೆ ತಾನೇ ಆರಿ ಹತ್ತತೊಡಗಿತು. ಪ್ರಯಾಣದ ಕಾಲದಿಂದ ಅದರ ಶಾಶ್ವತ ನೆನಪಿನಲ್ಲಿ ಕಡತಗಳು ಕೂಡಿಕೊಂಡಿದ್ದವು. ಆ ಕಡತಗಳ ಪಟ್ಟಿಯನ್ನು ಹಿಡಿಯಲು ಪಾಟಿಯ ಜಾಗ ಸಾಲದಾಗಿತ್ತು. ಭೂಮಿಯಿಂದಲೇ ಆಜ್ಞೆ ಕಳಿಸಿ ಬೇಡದ ಕಡತಗಳನ್ನು ಅಳಿಸಿದ ಮೇಲೆ ಅದು ಚೇತರಿಸಿಕೊಂಡು ವರ್ಷಗಟ್ಟಲೆ ದುಡಿಯಿತು.

ಅದರ ಮರುವರ್ಷ ಅರ್ಜಿಯ ಕಾಲ ಬಂದಾಗ ರಜೆ ಹಾಕಿ ಊರಿಗೆ ಹೋದೆ. ಸಾಲಿನಲ್ಲಿ ನಿಂತ ಕಾಕಾನ ಬೆನ್ನ ಹಿಂದೆ ನಿಂತು, ಹಿಂದಿನ ವರ್ಷ ನಡೆದುದನ್ನೆಲ್ಲ ಹೇಳಿದೆ. ಸಹಿ ನನ್ನದೆಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಹೇಳಿದ್ನೆಲ್ಲೋ ತಮ್ಮಾ, ಅರ್ಧಕ್ಕ ನಿಂತೈತಿ ಅಂತ” ಎಂದರು. ಅವರ ಸರದಿ ಬಂತು. ಹೆಸರು ಬರೆಸುತ್ತಿದ್ದಾಗ ಕರೆಂಟು ಹೋಯಿತು. ಇಬ್ಬರೂ ಬೇವಿನ ಮರದ ಕೆಳಗೆ ಕುಳಿತು ಕಾದೆವು. ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂದಾಗ ಒಳಗಿನ ಹುಡುಗ ಕೂಗಿ ಹೇಳಿದ: “ಯಜಮಾನರ, ಬರ್ರಿ, ನಿಮ್ಮ ಹೆಸರು ಇಲ್ಲೇ ಐತಿ.”